ಹಿಂದಿನ ಬೆಂಚಿನ ಹೆಡ್ಮಾಸ್ತರು

ಶಿಕಾಗೋ ಬಳಿಯ ಹಾಥಾರ್ನ್ ಟೆಲಿಫೋನ್ ಉಪಕರಣ ಕಾರ್ಖಾನೆಯಲ್ಲಿ 1924ರಿಂದ ದೀಪದ ಬೆಳಕು ಹೆಚ್ಚುಕಡಿಮೆ ಮಾಡಿ ಕೆಲಸ ಅಳೆದರು. ಬೆಳಕು ತಗ್ಗಿಸಿದಾಗಲೂ ಕೆಲಸ ಕುಗ್ಗಲಿಲ್ಲವಂತೆ. ತಮ್ಮನ್ನು ಗಮನಿಸುತ್ತಾರೆಂಬ ಭಾವನೆಯೇ ಕಾರಣವೆಂದು ಬಿ.ಎಡ್.ನಲ್ಲಿ ಓದಿದ್ದೆ. ಲೆಕ್ಕ ಅಷ್ಟು ಸರಳವಲ್ಲವೆಂದು ಆಮೇಲೆ ಪರಿಶೀಲಿಸಿದವರು ಹೇಳಿದ್ದಾರೆ, ಇರಲಿ.

ನಾನಿದ್ದ ಒಂದು ಶಾಲೆಯಲ್ಲಿ ಆರು ವರ್ಷ ಮುಖ್ಯೋಪಾಧ್ಯಾಯರು ನನ್ನ ತರಗತಿಗೆ ಕಾಲಿಡಲಿಲ್ಲ. ಸಂಬಳವೇನೋ ತಪ್ಪದೆ ಬರುತ್ತಿತ್ತು. ಆದರೆ ಪ್ರಯೋಗ ಮಾಡಿ ತೋರಿಸುವುದನ್ನೇ ಬಿಟ್ಟೆ. ಬೋರ್ಡಿನ ಮೇಲೆ ಚಿತ್ರ ಬರೆದು ಮುಗಿಸುತ್ತಿದ್ದೆ. ರಾಜೀನಾಮೆ ಪತ್ರವೂ ಜೇಬಿನಲ್ಲಿತ್ತು. ಮಕ್ಕಳಿಗೆ ಆದ ನಷ್ಟ ನೆನೆದರೆ ಈಗಲೂ ನಾಚಿಕೆ.

ಹೊಸದಾಗಿ ಬಂದವರು ಒಂದು ದಿನ ಹಿಂದಿನ ಬೆಂಚಿನಲ್ಲಿ ಕುಳಿತರು. "ಮೇಷ್ಟ್ರೇ, ಆಮ್ಲಜನಕ ತಯಾರಿಸಿ ತೋರಿಸಿ. ನಾನು ಕನ್ನಡದವನು, ನೋಡೇ ಇಲ್ಲ" ಎಂದರು.

ಮರುದಿನ ಪ್ರಯೋಗಾಲಯದ ಬೀಗ ತೆಗೆದೆ. ಕೆಂಡದ ಕಡ್ಡಿ ಪ್ರನಾಳದೊಳಗೆ ಭಗ್ಗನೆ ಹತ್ತಿಕೊಂಡಾಗ ಮೊದಲು ಚಪ್ಪಾಳೆ ತಟ್ಟಿದವರು ಅವರೇ.