ಮೊದಲ ತಲೆಮಾರಿನ ಮಾಲು

ನಮ್ಮ ಕಡೆ ಹೊಸ ವಸ್ತುವಿನ ಬೆಲೆ ಕೇಳುವುದಕ್ಕೂ ಮೊದಲು ಕೇಳುವ ಪ್ರಶ್ನೆಯೊಂದಿದೆ: “ಮತ್ತ ಯಾರು ತಂದಾರ?” ಟ್ರ್ಯಾಕ್ಟರಿರಲಿ, ಬಿತ್ತುವ ಬೀಜವಿರಲಿ, ರೊಟ್ಟಿ ಮಾಡುವ ಮಷೀನಿರಲಿ, ತಂದವನೊಬ್ಬನ ಹೆಸರು ಸಿಕ್ಕರೆ ಸಾಕು. ಸಂಜೆಗೆ ಅವನ ಮನೆಯ ಕಟ್ಟೆಯ ಮೇಲೆ ನಾಲ್ಕು ಮಂದಿ ಕೂತು ವಿಚಾರಣೆ ಸುರುಮಾಡಿರುತ್ತಾರೆ. ಯಾರೂ ತಂದಿಲ್ಲ ಎಂದರೆ ಅಂಗಡಿಯವನ ಬಣ್ಣನೆಯೆಲ್ಲ ಅಲ್ಲಿಗೇ ಮುಗಿಯಿತು. ಬೆಂಗಳೂರಿನವರು ಇದನ್ನು ಹಿಂದುಳಿದ ಬುದ್ಧಿ ಎನ್ನಬಹುದು. ಹಿಂದುಳಿದ ಭಾಗವೆಂದು ನಮಗೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ಕಲಮು ಬಂದಮೇಲೆ ಆ ಮಾತಿಗೆ ನಾವು ಬೇಜಾರು ಮಾಡಿಕೊಳ್ಳುವುದಿಲ್ಲ. ಸರ್ಟಿಫಿಕೇಟು ಮಾಡಿಸಿಕೊಂಡು ಕಪಾಟಿನಲ್ಲಿ ಇಟ್ಟುಕೊಂಡಿದ್ದೇವೆ.

ಆ ಸರ್ಟಿಫಿಕೇಟಿನ ಬಲದಿಂದಲೇ 2024ರ ಮಳೆಗಾಲದಲ್ಲಿ ನನ್ನ ಮಗಳಿಗೆ ಕಲಬುರಗಿಯಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಸೀಟಿನ ಬೆನ್ನಿಗೆ ಲ್ಯಾಪ್‌ಟಾಪಿನ ಮಾತು ಬಂತು. ಅದೇ ವರ್ಷ ಜೂನ್ 18ರಂದು ಹೊಸ ಜಾತಿಯ ವಿಂಡೋಸ್ ಲ್ಯಾಪ್‌ಟಾಪುಗಳು ಮಾರುಕಟ್ಟೆಗೆ ಬಂದಿದ್ದವು. ಅಲ್ಲಿತನಕ ವಿಂಡೋಸ್ ಎಂದರೆ ಒಳಗೆ ಇಂಟೆಲ್ ಇಲ್ಲವೇ ಎಎಂಡಿ ಚಿಪ್ಪು ಎಂದು ಹೆಚ್ಚುಕಡಿಮೆ ಕಣ್ಣು ಮುಚ್ಚಿ ಹೇಳಬಹುದಿತ್ತು. ಈ ಹೊಸವುಗಳಲ್ಲಿದ್ದದ್ದು ಕ್ವಾಲ್‌ಕಾಮ್ ಕಂಪನಿಯ ಸ್ನಾಪ್‌ಡ್ರಾಗನ್ ಎಕ್ಸ್, ಅಂದರೆ ಮೊಬೈಲುಗಳಲ್ಲಿರುವ ಆರ್ಮ್ ಮನೆತನದ ಚಿಪ್ಪು. ಬಿಸಿ ಕಡಿಮೆ, ಬ್ಯಾಟರಿ ದಿನಪೂರ್ತಿ ಬರುತ್ತದೆ ಎಂದು ಜಾಹೀರಾತು. ಏಪ್ರಿಲ್–ಮೇ ತಿಂಗಳಲ್ಲಿ ಕರೆಂಟು ಹೋಗಿ ಬಂದು ಮಾಡುವ ನಮ್ಮ ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ದಿನಪೂರ್ತಿ ಬರುವ ಬ್ಯಾಟರಿ ಎಂದರೆ ಯಾರ ಬಾಯಲ್ಲಾದರೂ ನೀರೂರಬೇಕು. ಮಗಳ ಬಾಯಲ್ಲಂತೂ ಊರಿತು. ಬೆಲೆ ಲಕ್ಷ ದಾಟಿದ್ದರಿಂದ ನನ್ನ ಬಾಯಿ ಒಣಗಿತು.

ಇಂಥ ಹೊತ್ತಿನಲ್ಲಿ ನಮ್ಮ ಮನೆಯ ಸುಪ್ರೀಂ ಕೋರ್ಟು ಸುರಪುರದಲ್ಲಿದೆ. ನನ್ನ ಹೆಂಡತಿಯ ಅಣ್ಣ, ಅಂದರೆ ನನ್ನ ಭಾವ, ಅಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಜೆರಾಕ್ಸ್ ಎಂಬುದು ಬೋರ್ಡಿನ ಮೇಲಿನ ಮಾತು. ಒಳಗೆ ಲಗ್ನಪತ್ರಿಕೆಯ ಡಿಟಿಪಿ, ಪಹಣಿ, ಪರೀಕ್ಷೆಯ ಅರ್ಜಿ, ಕಿಸಾನ್ ಯೋಜನೆಗೆ ರೈತರ ಹೆಬ್ಬೆಟ್ಟು, ಎಲ್ಲವೂ ನಡೆಯುತ್ತವೆ. ಭಾವನ ತೀರ್ಪು ತಡವಾಗಲಿಲ್ಲ.

“ಮಾಸ್ತರ, ಮೊದಲ ವರ್ಷದ ಮಾಲು ಮಂದಿಗಿ ಬಿಡ್ರಿ. ಅವರು ಹೈರಾಣಾಗ್ಲಿ, ಕಂಪನಿಗಿ ಬುದ್ಧಿ ಬರ್ಲಿ. ಆಮ್ಯಾಲ ನಾವು ಅದೀವಲ್ಲ.”

ಭಾವನ ಅನುಮಾನಕ್ಕೆ ಆಧಾರವಿರಲಿಲ್ಲವೆಂದಲ್ಲ. ಮೈಕ್ರೋಸಾಫ್ಟ್ 2012ರಲ್ಲೇ ಸರ್ಫೇಸ್ ಆರ್‌ಟಿ ಎಂಬ ಆರ್ಮ್ ಯಂತ್ರ ತಂದು ಕೈಸುಟ್ಟುಕೊಂಡಿತ್ತು. ಹಳೆಯ ವಿಂಡೋಸ್ ಪ್ರೋಗ್ರಾಮುಗಳು ಅದರಲ್ಲಿ ನಡೆಯುತ್ತಲೇ ಇರಲಿಲ್ಲ. ಈ ಸಲ ಹಾಗಾಗದಿರಲೆಂದು ಪ್ರಿಸಂ ಎಂಬ ದುಭಾಷಿಯನ್ನು ಒಳಗೆ ಕೂಡಿಸಿದ್ದರು. ಇಂಟೆಲ್ ಚಿಪ್ಪಿಗೆಂದು ಬರೆದ ಪ್ರೋಗ್ರಾಮನ್ನು ಅದು ಆರ್ಮ್ ಚಿಪ್ಪಿಗೆ ತಿಳಿಯುವಂತೆ ಮಾಡುತ್ತದೆ. ಆದರೆ ಪ್ರಿಂಟರು, ಹೆಬ್ಬೆಟ್ಟಿನ ಮಷೀನು, ಡಿಜಿಟಲ್ ಸಹಿಯ ಟೋಕನ್ನು ಇವುಗಳ ಡ್ರೈವರುಗಳ ವಿಷಯದಲ್ಲಿ ದುಭಾಷಿಯ ಆಟ ನಡೆಯುವುದಿಲ್ಲ. ಆರ್ಮ್‌ಗೆಂದೇ ಡ್ರೈವರ್ ಬರೆದಿರಬೇಕು. ಬರೆಯಬೇಕಾದ್ದು ಆ ಮಷೀನು ಮಾಡಿದ ಕಂಪನಿ. ಹತ್ತು ವರ್ಷದ ಹಿಂದಿನ ಪ್ರಿಂಟರಿಗೆ ಯಾವ ಕಂಪನಿ ಈಗ ಕೂತು ಬರೆಯುತ್ತದೆ? “ಕನ್ನಡ ಟೈಪಿನ ನುಡಿ ನಡೀತದೇನು, ಹೆಬ್ಬೆಟ್ಟು ಹತ್ತದೇನು, ಇವೆರಡು ಹೇಳ್ರಿ, ಉಳಿದದ್ದು ಆಮ್ಯಾಲ,” ಎಂದರು ಭಾವ. ಅಮೆರಿಕದ ವಿಮರ್ಶಕರು ಆ ಯಂತ್ರದ ಬ್ಯಾಟರಿ, ಪರದೆ, ವೇಗ ಎಲ್ಲ ಅಳೆದಿದ್ದರು. ಹೆಬ್ಬೆಟ್ಟಿನ ಬಗ್ಗೆ ಒಬ್ಬನೂ ಸೊಲ್ಲೆತ್ತಿರಲಿಲ್ಲ.

ಮಗಳು ಸೋದರಮಾವನಿಗೆ ಬಗ್ಗುವವಳಲ್ಲ. “ಯಪ್ಪಾ, ಹಿಂಗೇ ಕಾಯ್ಕೋತ ಕೂತ್ರ ನನ್ನ ಡಿಗ್ರಿನೇ ಮುಗೀತದ” ಎಂದಳು. ಅವಳಲ್ಲೂ ಸಾಕ್ಷಿಗಳಿದ್ದರು. 2020ರ ನವೆಂಬರಿನಲ್ಲಿ ಆ್ಯಪಲ್ ಕಂಪನಿ ಇಂಟೆಲ್ ಬಿಟ್ಟು ತನ್ನದೇ ಎಂ1 ಚಿಪ್ಪಿನ ಲ್ಯಾಪ್‌ಟಾಪು ತಂದಾಗ ಜಾಣರೆಲ್ಲ ಎರಡನೆಯ ತಲೆಮಾರು ಬರಲಿ ಎಂದು ಕೂತರು. ಮೊದಲ ತಲೆಮಾರೇ ಗಟ್ಟಿ ನಿಂತಿತು. ಅದೇ ಕಂಪನಿಯ ಇನ್ನೊಂದು ಕಥೆ ಇದಕ್ಕೆ ತದ್ವಿರುದ್ಧ. 2015ರಲ್ಲಿ ತಂದ ತೆಳು ಕೀಲಿಮಣೆ ಒಂದಿಷ್ಟು ಧೂಳು ಹೊಕ್ಕರೆ ಮುಷ್ಕರ ಹೂಡುತ್ತಿತ್ತು. ಸುಧಾರಿಸಿದ್ದೇವೆ, ಇನ್ನಷ್ಟು ಸುಧಾರಿಸಿದ್ದೇವೆ ಎನ್ನುತ್ತ ಮುಂದಿನ ಮಾದರಿಗಳಲ್ಲೂ ಅದನ್ನೇ ಕೂಡಿಸಿದರು. 2018ರಲ್ಲಿ ಪುಕ್ಕಟೆ ರಿಪೇರಿಯ ಯೋಜನೆ ಬಂತು. 2019ರ ಕೊನೆಗೆ ಹಳೆಯ ಬಗೆಯ ಕೀಲಿಮಣೆ ಮರಳತೊಡಗಿತು. ಮೊದಲನೆಯದು ಬೇಡವೆಂದು ಕಾದು ಎರಡನೆಯದೋ ಮೂರನೆಯದೋ ಕೊಂಡವನಿಗೂ ಅದೇ ಧೂಳು, ಅದೇ ಮುಷ್ಕರ. ಶಹಾಪುರದ ಬೇಸಿಗೆಯ ಧೂಳಿಗೆ ಅದು ಎಷ್ಟು ದಿನ ತಾಳುತ್ತಿತ್ತೋ, ಆ ಪರೀಕ್ಷೆಯನ್ನು ಕ್ಯಾಲಿಫೋರ್ನಿಯಾದವರು ಮಾಡಿರಲಾರರು.

ಹಾಗೆಂದು ಭಾವನಿಗೆ ಸಾಕ್ಷಿಗಳ ಬರವೇನೂ ಇರಲಿಲ್ಲ. 1993ರಲ್ಲಿ ಬಂದ ಇಂಟೆಲ್‌ನ ಪೆಂಟಿಯಂ ಚಿಪ್ಪು ಭಾಗಾಕಾರದಲ್ಲಿ ತಪ್ಪುತ್ತದೆ ಎಂಬುದನ್ನು ಮರುವರ್ಷ ಅಮೆರಿಕದ ಗಣಿತದ ಮೇಷ್ಟ್ರು ಥಾಮಸ್ ನೈಸ್ಲಿ ಪತ್ತೆ ಹಚ್ಚಿದರು. 4195835ನ್ನು 3145727ರಿಂದ ಭಾಗಿಸಿದರೆ 1.3338 ಬರಬೇಕಾದಲ್ಲಿ 1.3337 ಬರುತ್ತಿತ್ತು. ನಿಮಗೆ ಇದರಿಂದ ತೊಂದರೆಯೆಂದು ತೋರಿಸಿಕೊಟ್ಟರೆ ಬದಲಿಸಿ ಕೊಡುತ್ತೇವೆ ಎಂದಿತು ಕಂಪನಿ ಮೊದಲಿಗೆ. ಜನ ನಕ್ಕರು, ಬೈದರು. ಡಿಸೆಂಬರಿನಲ್ಲಿ ಕೇಳಿದವರಿಗೆಲ್ಲ ಬದಲಿಸಿ ಕೊಡಲು ಒಪ್ಪಿ, ಅದರ ಖರ್ಚಿಗೆಂದು 47.5 ಕೋಟಿ ಡಾಲರ್ ಎತ್ತಿಟ್ಟಿತು. ಗಣಿತದ ಮೇಷ್ಟ್ರು ಕಾಯದೆ ಕೊಂಡಿದ್ದರಿಂದಲೇ ಕಾಯ್ದವರಿಗೆಲ್ಲ ಸರಿಯಾದ ಚಿಪ್ಪು ಸಿಕ್ಕಿತು ಎಂಬುದನ್ನು ಭಾವ ತಮ್ಮ ವಾದದಲ್ಲಿ ಸೇರಿಸಲಿಲ್ಲ.

ಈ ಮೊದಲ ತಲೆಮಾರು, ಎರಡನೆಯ ತಲೆಮಾರು ಎಂಬ ಲೆಕ್ಕ ಲ್ಯಾಪ್‌ಟಾಪಿನೊಂದಿಗೆ ಬಂದದ್ದೆಂದು ನಮ್ಮ ಜಿಲ್ಲೆಯಲ್ಲಿ ಯಾರೂ ತಿಳಿದಿಲ್ಲ. ಶಹಾಪುರದ ಕರಿನೆಲ ಅದನ್ನು ಹತ್ತಿಯಲ್ಲಿ ಕಂಡುಂಡಿದೆ. ಕೇಂದ್ರ ಸರ್ಕಾರ 2002ರ ಮಾರ್ಚಿನಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಕೊಟ್ಟಿತು. 450 ಗ್ರಾಂ ಬೀಜದ ಪಾಕೀಟಿಗೆ 1,600 ರೂಪಾಯಿ ಆಸುಪಾಸು. ಎರಡು ವಂಶವಾಹಿ ಸೇರಿಸಿದ ಎರಡನೆಯ ತಲೆಮಾರು, ಬೋಲ್‌ಗಾರ್ಡ್ 2, ಬಂದದ್ದು 2006ರಲ್ಲಿ. ಮುಂದಿನ ಹತ್ತು ವರ್ಷದೊಳಗೆ ಗುಲಾಬಿ ಕಾಯಿಕೊರಕ ಅದನ್ನೂ ಜೀರ್ಣಿಸಿಕೊಳ್ಳುವುದನ್ನು ಕಲಿಯಿತು. ಮೊದಲ ಸಲ ಬಿತ್ತಿದವನು ಊರಿಗೆಲ್ಲ ತಮಾಷೆ; ಬೆಳೆ ಬಂದರೆ ಮರುವರ್ಷ ಊರಿಗೆಲ್ಲ ಗುರು. ಉಳಿದವರು ಬದುವಿನ ಮೇಲೆ ನಿಂತು ನೋಡಿದರು. ಕಾಯಿ ಎಷ್ಟು, ಔಷಧ ಎಷ್ಟು ಸಲ ಹೊಡೆದ, ಯಾದಗಿರಿ ಮಾರ್ಕೆಟ್ಟಿನಲ್ಲಿ ಎಷ್ಟಕ್ಕೆ ಹೋಯಿತು ಎಂಬ ಲೆಕ್ಕವನ್ನು ತಂತಮ್ಮ ಮನಸ್ಸಿನಲ್ಲಿ ಬರೆದುಕೊಂಡರು. ಕಾಯುವುದು ನಮ್ಮಲ್ಲಿ ಸೋಮಾರಿ ಕೆಲಸವಲ್ಲ. ಕಾಯುವವನು ದಿನಾ ಹೋಗಿ ನೋಡಿ ಬರುತ್ತಾನೆ.

ತೊಡಕಿದ್ದದ್ದು ಇಲ್ಲೇ. ಮಗ್ಗಲ ಹೊಲದ ಹತ್ತಿಯನ್ನು ಬದುವಿನ ಮೇಲಿಂದ ನೋಡಬಹುದು. ಮಗ್ಗಲ ಮನೆಯಲ್ಲಿ ಈ ಲ್ಯಾಪ್‌ಟಾಪೇ ಇರಲಿಲ್ಲ. ನಾವು ನೋಡುತ್ತಿದ್ದದ್ದು ಬೆಂಗಳೂರು, ದಿಲ್ಲಿಯ ಹುಡುಗರು ಡಬ್ಬಿ ಬಿಚ್ಚುವ ವಿಡಿಯೊಗಳನ್ನು. ಡಬ್ಬಿ ಬಿಚ್ಚುವ ದಿನ ಯಾವ ಮಾಲು ಕೆಟ್ಟಿರುತ್ತದೆ? ಅಂಗಡಿಗೆ ಹೋಗಿ, ಕೆಟ್ಟರೆ ಏನು ಗತಿ ಎಂದು ಕೇಳಿದೆ. ಮನೆಗೇ ಬಂದು ರಿಪೇರಿ ಮಾಡುತ್ತಾರೆ ಎಂಬ ಉತ್ತರ ಬಂತು. ಕಂಪನಿಯ ಸಹಾಯವಾಣಿಗೆ ಹಚ್ಚಿ ಅದನ್ನೇ ಕೇಳಿದೆ. ಆ ಕಡೆಯ ಹೆಣ್ಣುಮಗಳು ಬಹಳ ಮರ್ಯಾದೆಯಿಂದ ಪಿನ್‌ಕೋಡ್ ಕೇಳಿದರು. 585223 ಎಂದೆ. ಗಳಿಗೆ ಹೊತ್ತು ಸುಮ್ಮನಾಗಿ, ಹತ್ತಿರದ ಕೇಂದ್ರ ಕಲಬುರಗಿ ಸರ್, ತಾವೇ ತಂದುಕೊಡಬೇಕಾಗುತ್ತದೆ ಎಂದರು. ಸುರಪುರದ 585224 ಹೇಳಿ ನೋಡಿದೆ. ಅದೇ ಮರ್ಯಾದೆ, ಅದೇ ಉತ್ತರ. ಮನೆಗೇ ಬರುವ ರಿಪೇರಿಯವನಿಗೆ ಭೀಮಾ ನದಿ ದಾಟುವ ಅಪ್ಪಣೆ ಇರಲಿಲ್ಲ.

ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. ಡಿಸಿ ಕಚೇರಿ ಬಂತು, ಎಸ್‌ಪಿ ಕಚೇರಿ ಬಂತು. ಕಂಪನಿಗಳ ನಕಾಶೆಯಲ್ಲಿ ನಾವಿನ್ನೂ ಕಲಬುರಗಿಯ ತಾಲ್ಲೂಕುಗಳು. ಹಾಗೆಂದು ಲ್ಯಾಪ್‌ಟಾಪು ಬಿಚ್ಚಬಲ್ಲವರು ನಮ್ಮಲ್ಲಿ ಇಲ್ಲವೆಂದಲ್ಲ. ಯಾದಗಿರಿಯಲ್ಲೂ ಶಹಾಪುರದಲ್ಲೂ ಮೊಬೈಲ್ ರಿಪೇರಿಯ ಹುಡುಗರು ಚಾರ್ಜಿಂಗ್ ಜ್ಯಾಕು, ಕೀಬೋರ್ಡು, ಹಾರ್ಡ್‌ಡಿಸ್ಕು, ರ‍್ಯಾಮು ಬದಲಿಸಿ ಸಂಜೆಯೊಳಗೆ ಕೊಡುತ್ತಾರೆ. ಆದರೆ ಹೊಸ ಸ್ನಾಪ್‌ಡ್ರಾಗನ್ ಯಂತ್ರಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದುಬಿಟ್ಟಿರುತ್ತಾರೆ. ಅಂಥದೊಂದರ ಚಿತ್ರವನ್ನು ಶಹಾಪುರದ ಹುಡುಗನೊಬ್ಬನಿಗೆ ತೋರಿಸಿದೆ. ಆತ ಅದನ್ನು ಹಿಗ್ಗಿಸಿ ನೋಡಿ, “ಸರ್, ಇದರಾಗ ನನಗ ಕೆಲಸಾನೇ ಇಟ್ಟಿಲ್ಲ” ಎಂದು ಫೋನು ಮರಳಿ ಕೊಟ್ಟ.

ಅವನ ಮಾತು ಕೇಳಿದಮೇಲೆ ನನಗೆ ವಿಷಯ ತಿಳಿಯಾಯಿತು. ನಾವು ಕಾಯುತ್ತಿರುವುದು ಎರಡನೆಯ ತಲೆಮಾರಿನ ಚಿಪ್ಪಿಗಲ್ಲ, ಮೊದಲ ತಲೆಮಾರಿನ ಮೆಕ್ಯಾನಿಕ್ಕಿಗೆ. ವಸ್ತು ಊರಿಗೆ ಕೊರಿಯರಿನಲ್ಲಿ ಮೂರು ದಿನಕ್ಕೆ ಬರುತ್ತದೆ. ಅದನ್ನು ಬಿಚ್ಚುವ ಕೈ, ಅದರ ಬಿಡಿಭಾಗ, ಅದರ ಗುಣದೋಷದ ಸುದ್ದಿ ಇವು ನಿಧಾನವಾಗಿ, ಸಾರಿಗೆ ಬಸ್ಸು ಹಿಡಿದು ಬರುತ್ತವೆ. ಬೆಂಗಳೂರಿನಲ್ಲಿ ಇವೆಲ್ಲ ವಸ್ತುವಿನ ಜೊತೆಗೇ ಇರುತ್ತವೆಯಾದ್ದರಿಂದ ಅಲ್ಲಿಯವರು ಧೈರ್ಯವಂತರಂತೆ ಕಾಣುತ್ತಾರೆ.

ಆದರೆ ಎಲ್ಲರೂ ಕಾಯುತ್ತ ಕೂತರೆ ಮೆಕ್ಯಾನಿಕ್ಕು ಯಾವುದನ್ನು ಬಿಚ್ಚಿ ಕಲಿಯಬೇಕು? ಹಾಗೆ ಎಲ್ಲರೂ ಕಾಯ್ದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. ಬಡವರ ಕೈಗೂ ಎಟುಕುವ ಕಂಪ್ಯೂಟರೊಂದು ಬೇಕೆಂಬ ವಿಚಾರ 1998ರಲ್ಲಿ ಬೆಂಗಳೂರಿನಲ್ಲಿ ಮೊಳೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್, ಎನ್‌ಕೋರ್ ಸಂಸ್ಥೆಯ ವಿನಯ್ ದೇಶಪಾಂಡೆ ಮುಂತಾದವರು ಸೇರಿ ಸಿಂಪ್ಯೂಟರ್ ಕಟ್ಟಿದರು. ಅಂಗೈಯಲ್ಲಿ ಹಿಡಿಯುವ ಯಂತ್ರ, ಲಿನಕ್ಸ್ ತಂತ್ರಾಂಶ, ಓದು ಬಾರದವರಿಗೆ ಕನ್ನಡದಲ್ಲಿ ಓದಿ ಹೇಳುವ ಸೌಲಭ್ಯ. ಸ್ಮಾರ್ಟ್‌ಫೋನು ಎಂಬ ಮಾತು ನಮ್ಮ ಊರುಗಳಿಗೆ ಬರುವ ಮುಂಚಿನ ಮಾತಿದು. 2004ರಲ್ಲಿ ಅದು ಅಮಿಡಾ ಎಂಬ ಹೆಸರಿನಲ್ಲಿ ಮಾರಾಟಕ್ಕೂ ಬಂತು. ಹೆಚ್ಚು ಮಾರಿದರೆ ಬೆಲೆ ಇಳಿಯುತ್ತಿತ್ತು. ಬೆಲೆ ಇಳಿದರೆ ಕೊಳ್ಳೋಣವೆಂದು ಜನ ಕಾಯ್ದರು, ಸರ್ಕಾರಗಳೂ ಕಾಯ್ದವು. ಯಂತ್ರ ಬೇರೂರಲೇ ಇಲ್ಲ.

ಆದ್ದರಿಂದ ಮೊದಲು ಕೊಳ್ಳುವವನನ್ನು ಹಗುರಾಗಿ ನೋಡಬಾರದು. ಊರು ಕಲಿಯುವುದಕ್ಕೆ ಫೀಸು ಕಟ್ಟುವವನು ಅವನೇ. ಆದರೆ ಆ ಫೀಸನ್ನು ಯಾರ ಕಿಸೆಯಿಂದ ಕಟ್ಟಿಸಬೇಕು? ನಾಲ್ಕು ವರ್ಷಕ್ಕೆ ಒಂದೇ ಯಂತ್ರ ಇರುವ, ಅದು ನಿಂತರೆ ಅಸೈನ್‌ಮೆಂಟೂ ನಿಲ್ಲುವ ಹುಡುಗಿಯ ಕಿಸೆಯಿಂದಲ್ಲ. ಪಕ್ಕದಲ್ಲಿ ಇನ್ನೊಂದು ಹಳೆಯ ಯಂತ್ರ ಓಡುತ್ತಿರುವವನು ಕಟ್ಟಲಿ. ಅದಕ್ಕಿಂತ ಮೊದಲು ಸರ್ಕಾರ ಕಟ್ಟಲಿ. 2025ರ ನವೆಂಬರಿನಲ್ಲಿ ಬೆಂಗಳೂರು ಟೆಕ್ ಸಮ್ಮಿಟ್‌ನಲ್ಲಿ ನಮ್ಮ ರಾಜ್ಯದ ಕಿಯೊನಿಕ್ಸ್ ಸಂಸ್ಥೆ ‘ಕಿಯೊ’ ಎಂಬ ಪುಟ್ಟ ಕಂಪ್ಯೂಟರ್ ತೋರಿಸಿತು. ಆಗಿನ ಬೆಲೆ 18,999 ರೂಪಾಯಿ. ಪರದೆ ಬೇರೆ ಜೋಡಿಸಿಕೊಳ್ಳಬೇಕು. ಒಳಗಿನ ಚಿಪ್ಪು ರಿಸ್ಕ್-ಫೈವ್ ಎಂಬ, ಆರ್ಮ್‌ಗಿಂತಲೂ ಎಳೆಯ ಮನೆತನದ್ದು. ಜೊತೆಗೆ ಶಾಲೆಯ ಪಠ್ಯ ಹೇಳಿಕೊಡುವ ಬುದ್ಧ್ ಎಂಬ ಎಐ ಸಹಾಯಕ. “ನಮ್ಮೂರ ಗುಡ್ಡದ ಬುದ್ಧ ಮಲಗೇ ಇದ್ದಾನ, ಇಂವ ಎದ್ದಾನಂತೇನು?” ಎಂದರು ನಮ್ಮ ಸ್ಟಾಫ್‌ರೂಮಿನಲ್ಲಿ ಒಬ್ಬರು, ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಗುಡ್ಡವನ್ನು ನೆನೆದು. ಅಪ್ಪಟ ಮೊದಲ ತಲೆಮಾರಿನ ಮಾಲು ಅದು. ಅಂಥದನ್ನು ತಾಲ್ಲೂಕಿನ ಶಾಲೆಗಳ ಲ್ಯಾಬಿಗೆ ತಂದು ಹಾಕಬೇಕು, ಅದರೊಂದಿಗೆ ಆ ರಿಪೇರಿ ಹುಡುಗನನ್ನೂ ಕರೆದು ಕೂಡಿಸಿ ಬಿಚ್ಚುವುದನ್ನು ಕಲಿಸಬೇಕು. ಒಂದು ಯಂತ್ರ ಕೆಟ್ಟರೆ ಇನ್ನೊಂದರ ಮುಂದೆ ಮಕ್ಕಳು ಇಬ್ಬಿಬ್ಬರು ಕೂತಾರು. ಮನೆಯಲ್ಲಿ ಹಾಗೆ ಕೂಡಲು ಇನ್ನೊಂದು ಇರುವುದಿಲ್ಲ.

ಮಗಳಿಗೆ ಹಿಂದಿನ ವರ್ಷದ ಮಾದರಿಯ, ಇಂಟೆಲ್ ಚಿಪ್ಪಿನ, ರ‍್ಯಾಮು ಬದಲಿಸಲು ಬರುವ ಲ್ಯಾಪ್‌ಟಾಪು ಕೊಡಿಸಿದೆ. ಕಾಯಲಿಲ್ಲ, ಮೊದಲಿಗರೂ ಆಗಲಿಲ್ಲ. ಆ ಸ್ನಾಪ್‌ಡ್ರಾಗನ್ನಿನ ಎರಡನೆಯ ತಲೆಮಾರು ಘೋಷಣೆಯಾದದ್ದು 2025ರ ಸೆಪ್ಟೆಂಬರಿನಲ್ಲಿ. ಅಷ್ಟೊತ್ತಿಗೆ ಮಗಳು ಎರಡನೆಯ ವರ್ಷದಲ್ಲಿದ್ದಳು. ಅದಾದ ಮೇಲೆ ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನೆಲ್ಲ ಬಾಚಿಕೊಳ್ಳತೊಡಗಿ ಲ್ಯಾಪ್‌ಟಾಪುಗಳ ಬೆಲೆ ಏರತೊಡಗಿತು. ಕಾಯ್ದಷ್ಟೂ ಅಗ್ಗ ಎಂಬ ಗಾದೆಯಂಥ ಮಾತಿಗೂ ಕುತ್ತು ಬಂತು.

ಇಷ್ಟಾದ ಮೇಲೆ ಹೇಳಲೇಬೇಕಾದ್ದೊಂದು ಉಳಿದಿದೆ. ಸ್ನಾಪ್‌ಡ್ರಾಗನ್ನಿನ ಅದೇ ಮೊದಲ ತಲೆಮಾರಿನಲ್ಲಿ 2025ರಲ್ಲಿ ಅಗ್ಗದ ಮಾದರಿಗಳು ಬಂದವು. ಸುರಪುರದಲ್ಲಿ ಅದನ್ನು ಮೊದಲು ಕೊಂಡವರು ನಮ್ಮ ಭಾವ. ಹೆಬ್ಬೆಟ್ಟಿನ ಮಷೀನಿಗೆ ಅಂಗಡಿಯ ಹಳೆಯ ಕಂಪ್ಯೂಟರು ಇದ್ದೇ ಇದೆ, ಇದು ಬರೀ ನೋಡಲಿಕ್ಕೆ ಎನ್ನುತ್ತಾರೆ. ರಿಪೇರಿ ಕಲಿಯುವ ಹುಡುಗರು ಬಂದು ಅದನ್ನು ತಿರುಗಿಸಿ ಮುರುಗಿಸಿ ನೋಡಿಹೋಗುತ್ತಾರೆ. ನನಗೆ ತಕರಾರಿಲ್ಲ. ಮಗಳ ಯಂತ್ರ ಕೆಟ್ಟರೆ ಓದು ನಿಲ್ಲುತ್ತದೆ, ಭಾವನ ಯಂತ್ರ ಕೆಟ್ಟರೆ ಸಲಹೆ ನಿಲ್ಲುತ್ತದೆ. ಎರಡನೆಯದನ್ನು ಊರು ಹೇಗೋ ತಡೆದುಕೊಂಡೀತು.