ಮೂಳೆ ಡಾಕ್ಟರ ಜೊತೆ ಸಾವಿರ ಮೆಟ್ಟಿಲು

ವೀಕೆಂಡಿಗೆ ಮೈಸೂರಿಗೆ ಹೋಗೋ ನಮ್ಮಂಥ ಬೆಂಗಳೂರಿನ ಐಟಿ ಮಂದಿ ಚಾಮುಂಡಿ ಬೆಟ್ಟವನ್ನು ಕಾರಲ್ಲೇ ಹತ್ತಿಬಿಡ್ತೀವಿ. ದರ್ಶನ, ಮಹಿಷಾಸುರನ ಎದುರು ಒಂದು ಸೆಲ್ಫಿ, ಒಂದು ಪೊಟ್ಟಣ ಚುರುಮುರಿ, ವಾಪಸ್. ಆದರೆ ಬೆಟ್ಟ ನೋಡಬೇಕಾದರೆ ಮೆಟ್ಟಿಲ ದಾರಿಯಲ್ಲೇ ಹೋಗಬೇಕು. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ್ದು, ಸಾವಿರ ಚಿಲ್ಲರೆ ಕಲ್ಲಿನ ಮೆಟ್ಟಿಲು. ಒಂದು ಮೊಣಕಾಲುದ್ದ, ಇನ್ನೊಂದು ಅಂಗೈಯಷ್ಟು. ಒಂದರ ಹಾಗೆ ಇನ್ನೊಂದಿಲ್ಲ.

ಬೆಳಿಗ್ಗೆ ಆರಕ್ಕೆ ಬೆಟ್ಟದ ಪಾದದಲ್ಲಿ ನಿಂತರೆ ಎಲ್ಲಾ ಥರದವರೂ ಸಿಗ್ತಾರೆ. ಮಂಕಿ ಕ್ಯಾಪ್ ಹಾಕಿಕೊಂಡು ದಿನಾ ಹತ್ತೋ ಮೈಸೂರಿನ ಅಂಕಲ್‌ಗಳು. ಬಗ್ಗಿ ಬಗ್ಗಿ ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹೋಗೋ ಹೆಂಗಸರು. ಸ್ಮಾರ್ಟ್‌ವಾಚಲ್ಲಿ ಟೈಮರ್ ಒತ್ತಿ ಓಡೋ ಹುಡುಗರು. ನನ್ನ ಪಕ್ಕದಲ್ಲಿದ್ದ ಸೋದರಮಾವ ಆ ಹುಡುಗರನ್ನೇ ನೋಡ್ತಾ, "ಇವರಲ್ಲಿ ಇಬ್ಬರು ನಾಳೆ ಓಪಿಡಿಗೆ ಬರ್ತಾರೆ ನೋಡು" ಅಂದರು.

ಮಾವ ಮೂಳೆ ಡಾಕ್ಟರು. 30 ವರ್ಷಕ್ಕೂ ಹೆಚ್ಚು ಕಾಲ ಆಪರೇಷನ್ ಮಾಡಿ ಈಗ ರಿಟೈರ್ ಆಗಿದ್ದಾರೆ. ಅವರ ಪ್ರಕಾರ ಸೋಮವಾರದ ಓಪಿಡಿಯಲ್ಲಿ ಒಂದು ಜಾತಿಯ ಪೇಷೆಂಟ್ ತಪ್ಪದೇ ಇರ್ತಿದ್ದರಂತೆ. ವಾರ ಪೂರ್ತಿ ಕುರ್ಚಿಯಲ್ಲಿ ಕೂತು, ಭಾನುವಾರ ಟರ್ಫ್‌ನಲ್ಲಿ ಫುಟ್‌ಬಾಲ್ ಆಡಿ ಲಿಗಮೆಂಟ್ ಹರಿದುಕೊಂಡವರು. "ಬೆಟ್ಟ ಯಾರಿಗೂ ಪೆಟ್ಟು ಮಾಡಲ್ಲ ಕಣೋ. ಮೈ ಮಾಡ್ತಿದ್ದ ಕೆಲಸಕ್ಕೂ ದಿಢೀರಂತ ಅದರಿಂದ ಕೇಳೋ ಕೆಲಸಕ್ಕೂ ಇರೋ ಅಂತರ ಇದೆಯಲ್ಲ, ಅದು ಮಾಡುತ್ತೆ." ತಿಂಗಳಾನುಗಟ್ಟಲೆ ಮುಟ್ಟದ ಸರ್ವರ್ ಮೇಲೆ ಹಬ್ಬದ ಸೇಲ್ ದಿನದ ಟ್ರಾಫಿಕ್ ಬಿಟ್ಟ ಹಾಗೆ ಅಂತ ನಾನು ಅರ್ಥ ಮಾಡಿಕೊಂಡೆ.

ನಾವು ಬಂದಿದ್ದು ಅಮ್ಮನಿಗೋಸ್ಕರ. ನನಗೆ ಇಂಜಿನಿಯರಿಂಗ್ ಸೀಟು ಸಿಕ್ಕರೆ ಮೆಟ್ಟಿಲು ಹತ್ತಿ ಬರ್ತೀನಿ ಅಂತ ಅವರು ಹರಕೆ ಹೊತ್ತಿದ್ದರು. ಸೀಟು ಸಿಕ್ಕಿತು, ಡಿಗ್ರಿ ಮುಗೀತು, ನಾನು ಮೂರನೇ ಕಂಪನಿಗೂ ಸೇರಿದೆ, ಹರಕೆ ಮಾತ್ರ ಹಾಗೇ ಉಳೀತು. ನಡುವೆ ಮಂಡಿನೋವು ಶುರುವಾಗಿತ್ತು. ಎಕ್ಸ್‌ರೇ ನೋಡಿದ ಒಬ್ಬ ಡಾಕ್ಟರು, "ಸವೆದಿದೆ, ಇನ್ನು ಮೆಟ್ಟಿಲು ಹತ್ತಬೇಡಿ" ಅಂದುಬಿಟ್ಟರು. ಆ ಒಂದು ಮಾತು ಅಮ್ಮನನ್ನು ನಿಧಾನವಾಗಿ ಮನೆಯೊಳಗೆ ಕೂರಿಸಿತು. ಲಿಫ್ಟ್ ಇಲ್ಲದ ಮನೆಯ ಗೃಹಪ್ರವೇಶಕ್ಕೆ ಹೋಗಲಿಲ್ಲ. ಮದುವೆ ಮನೆಯಲ್ಲಿ ಮೂಲೆಯ ಕುರ್ಚಿ ಹಿಡಿದರೆ ಏಳಲಿಲ್ಲ. ಅವರಿಗಿನ್ನೂ 59.

ಮಾವ ಆ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡಿ, "ಅಕ್ಕ, ಸವೆದಿರೋದು ಸ್ವಲ್ಪ. ನೀನು ಹೆದರಿರೋದು ಜಾಸ್ತಿ" ಅಂದರು. ಎಕ್ಸ್‌ರೇಗೂ ನೋವಿಗೂ ಯಾವಾಗಲೂ ತಾಳೆ ಆಗಲ್ಲವಂತೆ. ಫಿಲ್ಮ್‌ನಲ್ಲಿ ಸವೆತ ಕಂಡರೂ ಆರಾಮಾಗಿ ಓಡಾಡೋರಿದ್ದಾರೆ, ಏನೂ ಕಾಣದೆ ನರಳೋರೂ ಇದ್ದಾರೆ. ಮಂಡಿಯೊಳಗಿನ ಮೆತ್ತೆ, ಅಂದರೆ ಕಾರ್ಟಿಲೇಜ್, ಅದಕ್ಕೆ ಸ್ವಂತ ರಕ್ತನಾಳ ಇಲ್ಲ. ಸ್ಪಂಜಿನ ಹಾಗೆ, ಭಾರ ಬಿದ್ದಾಗ ಹಿಂಡಿ, ಭಾರ ತೆಗೆದಾಗ ಕೀಲಿನ ದ್ರವವನ್ನು ಹೀರಿಕೊಳ್ಳುತ್ತೆ. ಕೂತೇ ಇದ್ದರೆ ಅದಕ್ಕೆ ಊಟವೇ ಇಲ್ಲ.

ಬಿಪಿ, ಹೃದಯ ಎಲ್ಲಾ ಚೆಕ್ ಮಾಡಿಸಿದ ಮೇಲೆ ಮೂರು ತಿಂಗಳ ತಯಾರಿ. ಜಿಮ್ ಇಲ್ಲ, ಮಂಡಿಗೆ ಪಟ್ಟಿ ಇಲ್ಲ. ಕೈ ಊರದೆ ಊಟದ ಕುರ್ಚಿಯಿಂದ ಎದ್ದು ಕೂರೋದು, ಮೊದಲು ಐದು ಸಲ, ಆಮೇಲೆ ಹತ್ತು. ಅಡುಗೆಕಟ್ಟೆ ಹಿಡಿದುಕೊಂಡು ಹಿಮ್ಮಡಿ ಎತ್ತೋದು. ಮನೆ ಮುಂದಿನ ಒಂದೇ ಒಂದು ಮೆಟ್ಟಿಲಿಂದ ಮೆಲ್ಲಗೆ, ಮೂರು ಎಣಿಸುತ್ತಾ ಕಾಲು ಇಳಿಸೋದು. ದಿನಾ ಸಂಜೆ ವಾಕಿಂಗ್. ಕೊನೆಯ ತಿಂಗಳು ಎರಡು ಕೆಜಿ ಅಕ್ಕಿ ಚೀಲ ಎದೆಗವಚಿಕೊಂಡು ಕುರ್ಚಿ ವ್ಯಾಯಾಮ. ನೋವಾದರೆ? ಸ್ವಲ್ಪ ನೋವು ಬಂದು ಮಾರನೇ ಬೆಳಿಗ್ಗೆ ಹೊತ್ತಿಗೆ ಹೋದರೆ ಚಿಂತೆ ಇಲ್ಲ. ಬೆಳಿಗ್ಗೆಯೂ ಜಾಸ್ತಿಯೇ ಇದ್ದರೆ, ಮಂಡಿ ಊದಿದರೆ, ಅವತ್ತಿನ ಲೆಕ್ಕ ಕಮ್ಮಿ. ಪೂರ್ತಿ ನಿಲ್ಲಿಸೋದು ಮಾತ್ರ ಬೇಡ ಅಂತ ಮಾವನ ಕಟ್ಟಪ್ಪಣೆ.

ನನ್ನ ಕಡೆಗೂ ತಿರುಗಿದರು. ಮೂವತ್ತರ ಹೊತ್ತಿಗೆ ಮೂಳೆಯ ಗಟ್ಟಿತನ ತನ್ನ ಗರಿಷ್ಠ ಮುಟ್ಟಿರುತ್ತೆ, ಅಲ್ಲಿಂದಾಚೆಗೆ ಇರೋದನ್ನು ಉಳಿಸಿಕೊಳ್ಳೋ ಕೆಲಸ. ಸ್ನಾಯುವೂ ಅಷ್ಟೇ, ಬಳಸದಿದ್ದರೆ ಕರಗುತ್ತಾ ಹೋಗುತ್ತೆ. ವಾರಕ್ಕೆ 150 ನಿಮಿಷ ಚುರುಕು ನಡಿಗೆ, ಎರಡು ದಿನ ಸ್ನಾಯುಗಳಿಗೆ ಕೆಲಸ, ಇದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳೋ ಕನಿಷ್ಠ ಲೆಕ್ಕ. "ಕ್ಯಾಲೆಂಡರ್‌ನಲ್ಲಿ ಮೀಟಿಂಗ್ ಹಾಕ್ಕೊಳ್ತೀಯಲ್ಲ, ಇದನ್ನೂ ಹಾಕ್ಕೋ" ಅಂದರು.

ಮೊದಲ ಮುನ್ನೂರು ಮೆಟ್ಟಿಲು ಕಡಿದು. ಹತ್ತೋ ಮುಂಚೆ ಸಮತಟ್ಟಿನಲ್ಲಿ ಹತ್ತು ನಿಮಿಷ ನಡೆಸಿದ್ದರು ಮಾವ. ಹತ್ತುವಾಗ ಒಂದೇ ನಿಯಮ, ಮಾತಾಡ್ತಾ ಹತ್ತಬೇಕು, ಮಾತು ತುಂಡಾದರೆ ನಿಲ್ಲಬೇಕು. ಅಮ್ಮನಿಗೆ ಇದು ಕಷ್ಟವೇ ಅಲ್ಲ. ನಮ್ಮ ಎದುರು ಮನೆಯವರ ಇಡೀ ಚರಿತ್ರೆ ನೂರೈವತ್ತನೇ ಮೆಟ್ಟಿಲಿಗೆ ಮುಗೀತು. ಇನ್ನೂರರ ಸುಮಾರಿಗೆ ಮಾತು ನಿಂತಿತು. ಗೋಡೆಗೆ ಕೈಕೊಟ್ಟು ನಿಂತವರು ಮೇಲೆ ನೋಡಲಿಲ್ಲ, ಕೆಳಗೆ ನೋಡಿದರು. ವಾಪಸ್ ಹೋಗೋಣ ಅಂತಾರೆ ಅಂದುಕೊಂಡೆ. ಮಾವ ಏನೂ ಹೇಳದೆ ನೀರಿನ ಬಾಟಲಿ ಕೊಟ್ಟು, ಕಲ್ಲಿನ ಮೇಲೆ ಕೂತು ಮಂಗಗಳನ್ನು ನೋಡ್ತಿದ್ದರು. ಐದು ನಿಮಿಷ ಆದ ಮೇಲೆ ಅಮ್ಮನೇ, "ಕುರ್ಚಿಯಿಂದ ಏಳೋ ಹಾಗೇ ತಾನೇ?" ಅಂತ ಕೇಳಿ ಕಾಲೆತ್ತಿ ಇಟ್ಟರು.

ಏಳುನೂರನೇ ಮೆಟ್ಟಿಲ ಹತ್ತಿರ ನಂದಿ. ಒಂದೇ ಬಂಡೆಯಲ್ಲಿ ಕಡೆದದ್ದು, ಎತ್ತರ ಹದಿನಾರು ಅಡಿಯಷ್ಟು. ಕೊರಳಿನ ಗಂಟೆಸರ ನೋಡ್ತಾ ನಿಂತರೆ ಕಲ್ಲು ಅನ್ನೋದೇ ಮರೆತುಹೋಗುತ್ತೆ. ಸ್ವಲ್ಪ ಆಚೆಯಿಂದ ಊರು ಕಾಣುತ್ತೆ, ಬೆಳ್ಳಗಿನ ಲಲಿತಮಹಲ್, ರೇಸ್‌ಕೋರ್ಸಿನ ಹಸಿರು. ಅಲ್ಲಿ ಕೂತು ನಾನು ಮಾವನ ಹತ್ತಿರ ಅಂಕಿ ಕೇಳಿದೆ. ಕೃತಕ ಮಂಡಿಯೊಳಗೆ ಸೆನ್ಸರ್ ಇಟ್ಟು ಅಳೆದಿದ್ದಾರಂತೆ. ಸಮತಟ್ಟಿನಲ್ಲಿ ನಡೆದರೆ ಮಂಡಿ ಮೇಲೆ ದೇಹದ ತೂಕದ ಸುಮಾರು ಎರಡೂವರೆ ಪಟ್ಟು ಭಾರ. ಹತ್ತುವಾಗ ಮೂರು ಪಟ್ಟು ದಾಟುತ್ತೆ. ಇಳಿಯುವಾಗ ಮೂರೂವರೆ. ಅಮ್ಮನ ನಿಜವಾದ ತೂಕ ಬರೆದರೆ ನನಗೆ ಊಟ ಸಿಗಲ್ಲ, 60 ಕೆಜಿ ಅಂತ ಇಟ್ಟುಕೊಳ್ಳಿ. ಇಳಿಯುವಾಗ ಒಂದು ಹೆಜ್ಜೆಗೆ 210 ಕೆಜಿ. ಹತ್ತುವಾಗ ಬರೋದು ಏದುಸಿರು. ಇಳಿಯುವಾಗ ತೊಡೆಯ ಸ್ನಾಯು ಎಳೆದುಕೊಂಡೇ ಬ್ರೇಕ್ ಹಾಕಬೇಕು, ಅದರ ನೋವು ಒಂದೆರಡು ದಿನ ಬಿಟ್ಟು ಬರುತ್ತೆ. ಅಷ್ಟರಲ್ಲಿ ಆ ಟೈಮರ್ ಹುಡುಗರು ಮೇಲೆ ಮುಟ್ಟಿ, ಎರಡೆರಡು ಮೆಟ್ಟಿಲು ಹಾರುತ್ತಾ ನಮ್ಮ ಪಕ್ಕದಲ್ಲೇ ಇಳಿದು ಹೋದರು. ಮಂಗಳವಾರ ಇವರ ಆಫೀಸಿನ ಲಿಫ್ಟಿಗೆ ಕೆಲಸ ಜಾಸ್ತಿ.

ಉಳಿದ ಮುನ್ನೂರು ಮೆಟ್ಟಿಲು ಸಲೀಸು. ಒಟ್ಟು ಒಂದು ಗಂಟೆ ಐವತ್ತು ನಿಮಿಷಕ್ಕೆ ಅಮ್ಮ ಗೋಪುರದ ಮುಂದೆ ನಿಂತಿದ್ದರು. ಅಳಲಿಲ್ಲ, ನಗಲೂ ಇಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಸೀದಾ ದರ್ಶನದ ಸಾಲಿಗೆ ಹೋದರು.

ಹೊರಗೆ ಬಂದವರಿಗೆ ಇಳಿಯೋದೂ ಮೆಟ್ಟಿಲಲ್ಲೇ ಆಗಬೇಕಂತೆ! ಮಾವ ಸುತರಾಂ ಒಪ್ಪಲಿಲ್ಲ. ಇಳಿಯೋ ತಯಾರಿ ಇನ್ನೂ ಎರಡು ತಿಂಗಳು ಬೇಕು, ಇವತ್ತು ಬಸ್ಸು. ಅಕ್ಕ ತಮ್ಮ ದೇವಸ್ಥಾನದ ಎದುರೇ ಜಗಳ ಆಡಿ, ಕೊನೆಗೆ 201 ನಂಬರ್ ಸಿಟಿ ಬಸ್ಸು ಹತ್ತಿದೆವು. ತಿರುವಿನಲ್ಲಿ ಅಮ್ಮ ಮಾವನ ಕಡೆ ವಾಲಿ, ಇನ್ನೊಂದು ಹರಕೆ ಬಾಕಿ ಇದೆ, ಅದಕ್ಕೂ ಮೆಟ್ಟಿಲೇ ಅಂತ ಪಿಸುಗುಟ್ಟಿದರು. ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಮುಖ ನೋಡಿದರು. ಯಾವ ಹರಕೆ ಅಂತ ಮೂವತ್ತಾದರೂ ಮದುವೆಯಾಗದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.