ಹಗುರಾದ ಗಾಲಿ

೩೫ ವರ್ಷಗಳ ಕಾಲ ಮಕ್ಕಳಿಗೆ ಶಬ್ದರೂಪಗಳನ್ನು ಗಟ್ಟಿಮಾಡಿಸುತ್ತ ಬಂದ ನಾವು ಮೋಟಾರು ಬೈಕಿನ ಗಾಲಿಗಳ ವಿಷಯದಲ್ಲಿ ಲೇಖನಿಯನ್ನು ಹಿಡಿದುದನ್ನು ಕಂಡು ವಾಚಕರು ನಗಬಹುದು. ನಗಲಿ. ಮನೆಯಲ್ಲೆದ್ದ ಈ ವಾದವು ಒಂದು ತಿಂಗಳು ಊಟದ ಹೊತ್ತಿನಲ್ಲಿಯೂ ನಮ್ಮನ್ನು ಬಿಟ್ಟಿರಲಿಲ್ಲ.

ನಮ್ಮ ಕಿರಿಯ ಮಗನು ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬೈಕಿನಲ್ಲಿಯೇ ಕೆಲಸಕ್ಕೆ ಹೋಗಿಬರುವವನು. ಕಳೆದ ಆಷಾಢದಲ್ಲಿ ಹಿಂದಿನ ಗಾಲಿಗೆ ಮೊಳೆ ಚುಚ್ಚಿ, ಟ್ಯೂಬಿನ ಗಾಳಿಯೆಲ್ಲವೂ ಒಮ್ಮೆಗೇ ಹೊರಟುಹೋಗಿ, ಬೈಕು ಅತ್ತಿತ್ತ ಹೊಯ್ದಾಡಿ ಅವನನ್ನು ಕೆಡವಿತು. ಮುಂಗೈ ಮುರಿಯಿತು. ಗುಣವಾದ ಮೇಲೆ, “ಅಪ್ಪಯ್ಯಾ, ಈ ಕಡ್ಡಿಯ ಗಾಲಿಗಳನ್ನು ತೆಗೆಸಿ ಹಗುರಾದ ಅಲಾಯ್ ಗಾಲಿಗಳನ್ನು ಹಾಕಿಸೋಣವೇ?” ಎಂದನು. ಕೈಯಲ್ಲಿದ್ದ ಹಣವೋ, ನಮ್ಮ ಕಣ್ಣಿನ ಪೊರೆಯನ್ನು ತೆಗೆಸಲೆಂದು ಕೂಡಿಟ್ಟದ್ದು.

ಮೊದಲು ಗದರಿದೆವು. ಬಳಿಕ ನಮ್ಮೊಳಗಿನ ಉಪಾಧ್ಯಾಯನು ಎಚ್ಚೆತ್ತನು. ಸಂಸ್ಕೃತದಲ್ಲಿ ಗಾಲಿಯ ನಡುವಿಗೆ ನಾಭಿಯೆಂದೂ, ಕಡ್ಡಿಗೆ ಅರವೆಂದೂ, ಅಂಚಿನ ಬಳೆಗೆ ನೇಮಿಯೆಂದೂ ಹೆಸರು. ಮಗನ ಮಾತಿನ ಮರ್ಮವೆಲ್ಲ ನೇಮಿಯಲ್ಲಿದೆ. ಸವಾರನ ಭಾರವು ಮುಂದಕ್ಕೆ ಹೋದರೆ ಸಾಕು. ನೇಮಿಯ ಭಾರವು ಮುಂದಕ್ಕೂ ಹೋಗಬೇಕು, ಸುತ್ತಲೂ ಬೇಕು. ಆದುದರಿಂದ ಅಲ್ಲಿಯ ಒಂದು ಕಿಲೋಗ್ರಾಂ, ವೇಗವನ್ನು ಹೆಚ್ಚಿಸುವಾಗ ಸುಮಾರು ಎರಡರಷ್ಟು ಶ್ರಮವನ್ನು ಬೇಡುತ್ತದೆ. ನಾಭಿಯ ಬಳಿ ಉಳಿಸಿದ ತೂಕಕ್ಕೆ ಈ ಮಹಿಮೆಯಿಲ್ಲ. ಇದಲ್ಲದೆ, ಗಾಲಿಯು ಹಗುರಾದಷ್ಟೂ ಗುಂಡಿಯಲ್ಲಿ ಕುಪ್ಪಳಿಸಿದರೂ ಬೇಗನೆ ನೆಲವನ್ನು ಮುಟ್ಟುವುದು. ತಿರುವಿನಲ್ಲಿ ಬೈಕು ಸಲೀಸಾಗಿ ವಾಲುವುದು. ಹುಡುಗನು ಸುಳ್ಳಾಡಿರಲಿಲ್ಲ.

ಆದರೆ ಲೆಕ್ಕವನ್ನು ಕೊನೆಯವರೆಗೂ ಮಾಡಬೇಕಷ್ಟೆ. ಗಾಲಿಯೊಂದಕ್ಕೆ ಒಂದು ಕಿಲೋ ಉಳಿಯಿತೆಂದಿಟ್ಟುಕೊಂಡರೂ ಒಟ್ಟು ಲಾಭ ನಾಲ್ಕು ಕಿಲೋಗಳಷ್ಟು. ಬೈಕಿನ ತೂಕ ೧೯೫, ಮಗನದು ೭೦. ೨೬೫ರಲ್ಲಿ ನಾಲ್ಕೆಂದರೆ ನೂರಕ್ಕೆ ಒಂದೂವರೆ. ಪಂದ್ಯದವರಿಗೆ ಇದು ದೊಡ್ಡದು. ನಮ್ಮವನಿಗಾದರೋ ಮದುವೆಯಾದ ಮೇಲೆ ಬಂದ ಹೊಟ್ಟೆಯೇ ಅದಕ್ಕಿಂತ ಹೆಚ್ಚು ತೂಗೀತು. (ಇದನ್ನು ಸೊಸೆಯ ಮುಂದೆ ಆಡಲಿಲ್ಲ.) ಮೇಲಾಗಿ, ಪೇಟೆಯಲ್ಲಿ ಸಿಕ್ಕುವ ಎರಕದ ಅಲಾಯ್ ಗಾಲಿಗಳೆಲ್ಲ ಕಡ್ಡಿಯ ಗಾಲಿಗಿಂತ ಹಗುರವೆಂಬುದೂ ನಿಜವಲ್ಲ, ಕೆಲವು ಹೆಚ್ಚೇ ಭಾರ. ಕಾರ್ಬನ್ ನಾರಿನಿಂದ ಮಾಡಿದವು ಹಗುರವಹುದು, ಆದರೆ ಆ ಜೋಡಿಯ ಬೆಲೆಗೆ ಸಾಧಾರಣವಾದ ಹೊಸ ಬೈಕೇ ಬಂದೀತು.

ಗೆದ್ದೆವೆಂದು ಕನ್ನಡಕವನ್ನು ಒರಸಿಕೊಳ್ಳುತ್ತಿರುವಾಗ ಮನೆಯಾಕೆಯು ಬಾಗಿಲಲ್ಲಿ ನಿಂತು, “ನಿಮ್ಮ ತೂಕದ ಮಾತು ಹಾಗಿರಲಿ. ಇನ್ನೊಮ್ಮೆ ಮೊಳೆ ಚುಚ್ಚಿದರೆ ಹುಡುಗ ಬೀಳುತ್ತಾನೋ ಇಲ್ಲವೋ, ಅದನ್ನು ಹೇಳಿ” ಎಂದಳು.

ನಾವು ನಿರುತ್ತರರಾದೆವು. ಎರಕದ ಗಾಲಿಯಲ್ಲಿ ಕಡ್ಡಿಗಳನ್ನು ಸಿಕ್ಕಿಸುವ ತೂತುಗಳಿಲ್ಲ. ಅದಕ್ಕೆ ಟ್ಯೂಬಿಲ್ಲದ ಟೈರನ್ನು ತೊಡಿಸಬಹುದು. ಮೊಳೆ ಹೊಕ್ಕರೂ ಸಾಮಾನ್ಯವಾಗಿ ಅದರ ಗಾಳಿಯು ಮೆಲ್ಲನೆ ಇಳಿಯುತ್ತದೆ. ಸವಾರನಿಗೆ ಬೈಕನ್ನು ನಿಲ್ಲಿಸಲು ಅವಕಾಶವುಂಟು. ದೋಷವಿಲ್ಲದಿಲ್ಲ: ಗುಂಡಿಗೆ ಬಿದ್ದು ಸೊಟ್ಟಾದ ಕಡ್ಡಿಯ ಗಾಲಿಯನ್ನು ಊರಿನ ಮೆಕ್ಯಾನಿಕ್ಕೇ ಕಡ್ಡಿ ಬಿಗಿದು ನೇರಮಾಡಿಯಾನು, ಎರಕದ್ದು ಬಿರಿದರೆ ಬೇರೆಯದನ್ನೇ ಕೊಳ್ಳಬೇಕು. ಆದರೂ ಮುರಿದ ಮುಂಗೈಯನ್ನು ನೋಡಿದ ಮೇಲೆ ಬೇರೆ ತೀರ್ಪಿಗೆ ಮನಸ್ಸು ಒಪ್ಪಲಿಲ್ಲ.

ಗಾಲಿಗಳು ಬಂದವು. ಮಗನು ಒಂದನ್ನು ಎತ್ತಿ ನೋಡಿ, “ಹಳೆಯದಕ್ಕಿಂತ ಭಾರವಾಗಿಯೇ ಇದೆ” ಎಂದು ನಕ್ಕನು. ಹಳೆಯವು ಅಟ್ಟವನ್ನು ಸೇರಿವೆ. ನಮ್ಮ ಪೊರೆಯ ಚಿಕಿತ್ಸೆ ಕಾರ್ತಿಕಕ್ಕೆ ಹೋಗಿದೆ. ಅಲ್ಲಿಯವರೆಗೆ ಪತ್ರಿಕೆಯನ್ನು ಮನೆಯಾಕೆಯೇ ಓದಿಹೇಳುತ್ತಾಳೆ, ನಡುನಡುವೆ ತನಗೆ ಬೇಡವಾದುದನ್ನು ಬಿಟ್ಟು.